ಮೇಳದ ಆಯ್ಕೆ ಸಮಿತಿ ಏನು ನೋಡುತ್ತದೆ? ಕರಾವಳಿಯ ಕುಶಲಕರ್ಮಿಗಳಿಗೆ ಅರ್ಜಿಯ ಕೈಪಿಡಿ

ಆಯ್ಕೆ ಮಾಡಿ ಮಳಿಗೆ ಕೊಡುವ ಮೇಳಗಳಲ್ಲಿ ತೀರ್ಪುಗಾರರು ಸಾಮಾನ್ಯವಾಗಿ ನಿಮ್ಮನ್ನೂ ನೋಡುವುದಿಲ್ಲ, ನಿಮ್ಮ ಕೆಲಸವನ್ನು ಕೈಯಲ್ಲಿ ಹಿಡಿದೂ ನೋಡುವುದಿಲ್ಲ. ಅವರ ಮುಂದೆ ಬರುವುದು ವಸ್ತುಗಳ ನಾಲ್ಕೈದು ಫೋಟೋ, ಮಳಿಗೆಯದೊಂದು ಫೋಟೋ, ಎರಡು ಸಾಲಿನ ವಿವರಣೆ. ಮೊದಲ ಸುತ್ತಿನಲ್ಲಿ ಒಂದು ಅರ್ಜಿ ಪರದೆಯ ಮೇಲೆ ನಿಲ್ಲುವುದು ಬಹಳ ಕಡೆ ಕೆಲವೇ ಸೆಕೆಂಡು. ಕಿನ್ನಿಗೋಳಿಯ ಮಗ್ಗದ ಸೀರೆಯಿರಲಿ, ಕಾರ್ಕಳದ ಕಲ್ಲಿನ ಕೆತ್ತನೆಯಿರಲಿ, ಅಷ್ಟು ಹೊತ್ತಿನಲ್ಲಿ ಏನು ಕಂಡಿತೋ ಅದಕ್ಕೇ ಅಂಕ. ಮಂಗಳೂರು, ಉಡುಪಿ ಕಡೆಯಿಂದ ಹೋಗುವ ಒಳ್ಳೆಯ ಕೈಗಳ ಅರ್ಜಿಗಳು ಎಡವುವುದು ಹೆಚ್ಚಾಗಿ ಇಲ್ಲೇ. ವಸ್ತುವಿಗೆ ತಿಂಗಳುಗಟ್ಟಲೆ ಕೂತವರು ಫೋಟೋಕ್ಕೆ ಹತ್ತು ನಿಮಿಷವನ್ನೂ ಕೊಟ್ಟಿರುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಹೆಚ್ಚಿನ ಜಾಗ ಫೋಟೋಕ್ಕೇ ಮೀಸಲು.

ಮೊದಲು ಯಾವ ಮೇಳ ಎಂಬುದನ್ನು ತಿಳಿದುಕೊಳ್ಳಿ

ಊರಿನ ಮೈದಾನದಲ್ಲಿ ನಡೆಯುವ ವಸ್ತುಪ್ರದರ್ಶನಗಳಲ್ಲಿ ಹೆಚ್ಚಿನವಕ್ಕೆ ಆಯ್ಕೆ ಎಂಬುದೇ ಇಲ್ಲ. ಬಾಡಿಗೆ ಕಟ್ಟಿದವರಿಗೆ ಮಳಿಗೆ. ಆಯ್ಕೆ ಇರುವ ಕಡೆ ಹೋಗಲು ದಾರಿ ಬೇರೆಬೇರೆ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯ ಗಾಂಧಿ ಶಿಲ್ಪ ಬಜಾರ್‌ನಂಥ ಮೇಳಗಳಿಗೆ ‘ಪೆಹಚಾನ್’ ಕುಶಲಕರ್ಮಿ ಗುರುತಿನ ಚೀಟಿ ಬೇಕು. ಕೈಮಗ್ಗದವರಿಗೆ ನೇಕಾರರ ಗುರುತಿನ ಚೀಟಿ ಬೇರೆಯೇ ಇದೆ. ಸ್ವಸಹಾಯ ಗುಂಪಿನ ಮಹಿಳೆಯರು ಸರಸ್ ಮೇಳಕ್ಕೆ ಹೋಗುವುದು ಸಂಜೀವಿನಿ ಯೋಜನೆಯ ಮೂಲಕ, ಜಿಲ್ಲಾ ಪಂಚಾಯತ್ ದಾರಿಯಲ್ಲಿ. 1981ರಲ್ಲಿ ದೆಹಲಿಯಲ್ಲಿ ಶುರುವಾದ ದಸ್ತಕಾರ್‌ನಂಥ ಸಂಸ್ಥೆಗಳು ವಸ್ತುವಿನ ಗುಣವನ್ನೂ, ಅದನ್ನು ಮಾಡುವ ಗುಂಪನ್ನೂ ನೋಡಿ ಕರೆಯುತ್ತವೆ. ಮಾದರಿ ಕಳಿಸಿ ಎಂದು ಕೇಳುವ ಸಂಸ್ಥೆಗಳೂ ಇವೆ. ಚಿತ್ರಕಾರರಿಗಾದರೆ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಜನವರಿಯ ಚಿತ್ರಸಂತೆಯಿದೆ, ಅಕಾಡೆಮಿಗಳ ವಾರ್ಷಿಕ ಪ್ರದರ್ಶನಗಳಿವೆ.

ಗುರುತಿನ ಚೀಟಿ ಇದ್ದರೆ ಅರ್ಜಿ ಹಾಕಬಹುದು, ಅಷ್ಟೇ. ಆಯ್ಕೆ ಆಮೇಲಿನ ಮಾತು. ದೊಡ್ಡ ಮೇಳಗಳಿಗೆ ನಾಲ್ಕರಿಂದ ಎಂಟು ತಿಂಗಳು ಮೊದಲೇ ಅರ್ಜಿ ಕರೆಯುತ್ತಾರೆ. ಚಳಿಗಾಲದ ಮೇಳಕ್ಕೆ ಹೋಗಬೇಕೆನ್ನುವವರು ಮಳೆಗಾಲ ಹಿಡಿಯುವ ಮೊದಲೇ ಫೋಟೋದ ವಸ್ತುಗಳನ್ನು ಮುಗಿಸಿಟ್ಟಿರಬೇಕು.

ಅಂಕ ಬೀಳುವ ಬಗೆ

ಫೋಟೋ ನೋಡಿ ಅಂಕ ಹಾಕುವ ಪದ್ಧತಿ ಅಮೆರಿಕದ ಕಲಾಮೇಳಗಳಲ್ಲಿ ಚೆನ್ನಾಗಿ ಪಳಗಿದೆ. ಅಲ್ಲಿ ಬಹಳಷ್ಟು ಮೇಳಗಳು ಝಾಪ್ಲಿಕೇಶನ್‌ನಂಥ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಪಡೆಯುತ್ತವೆ. ಅರ್ಜಿದಾರರ ಹೆಸರು ತೀರ್ಪುಗಾರರಿಗೆ ಕಾಣುವುದಿಲ್ಲ. ಮೂರರಿಂದ ಐದು ಜನ ಪ್ರತ್ಯೇಕವಾಗಿ ಅಂಕ ಕೊಡುತ್ತಾರೆ, ಸಾಮಾನ್ಯವಾಗಿ 1ರಿಂದ 5 ಅಥವಾ 1ರಿಂದ 7. ಏಳರ ಲೆಕ್ಕದ ಕೆಲವು ಮೇಳಗಳಲ್ಲಿ 4 ಎಂಬ ಅಂಕವನ್ನೇ ತೆಗೆದುಹಾಕಿದ್ದಾರೆ. ನಡುವಿನ ಅಂಕ ಕೊಟ್ಟು ಕೈತೊಳೆದುಕೊಳ್ಳಲು ಬಿಡಬಾರದು, ಬೇಕು ಅಥವಾ ಬೇಡ ಎನ್ನಲೇಬೇಕು ಎಂಬುದು ಅದರ ಉದ್ದೇಶ.

ಐವರು ಏಳರ ಲೆಕ್ಕದಲ್ಲಿ ಅಂಕ ಹಾಕಿದರೆ ಪೂರ್ಣಾಂಕ 35. ಒಬ್ಬರಿಗೆ 7, 7, 6, 3, 2 ಬಿತ್ತು. ಇನ್ನೊಬ್ಬರಿಗೆ ಐವರಿಂದಲೂ 5. ಎರಡೂ 25. ಮೊದಲನೆಯದರಲ್ಲಿ ಇಬ್ಬರಿಗೆ ಏನೋ ಅರ್ಥವಾಗಿಲ್ಲ ಅಥವಾ ಒಂದು ಫೋಟೋ ಕೆಟ್ಟಿದೆ. ಸರಿಪಡಿಸಿದರೆ ಮೇಲೆ ಹೋಗುವ ಅರ್ಜಿ ಅದು. ಎರಡನೆಯದು ಯಾರನ್ನೂ ನೋಯಿಸದ, ಯಾರ ಮನಸ್ಸಿನಲ್ಲೂ ಉಳಿಯದ ಅರ್ಜಿ. ಅದನ್ನು ಮೇಲೆತ್ತುವುದು ಹೆಚ್ಚು ಕಷ್ಟ.

ಮೊತ್ತ ಬಂದ ಮೇಲೆ ಪಟ್ಟಿಯನ್ನು ವಿಭಾಗವಾರು ಒಡೆಯುತ್ತಾರೆ. ಇಷ್ಟು ಅಂಕ ಬಂದರೆ ಒಳಗೆ, ಇಲ್ಲದಿದ್ದರೆ ಹೊರಗೆ ಎಂಬ ಗೆರೆ ಇಡೀ ಮೇಳಕ್ಕೆ ಒಂದೇ ಇರುವುದಿಲ್ಲ. ಆಭರಣಕ್ಕೆ ಅರ್ಜಿ ರಾಶಿ ಬೀಳುತ್ತದೆ, ಮಳಿಗೆ ಕೆಲವೇ. ಬುಟ್ಟಿ ಹೆಣಿಗೆಗೆ ಬರುವ ಅರ್ಜಿ ಕಡಿಮೆ. ಆಭರಣದಲ್ಲಿ 31 ತೆಗೆದವರು ಹೊರಗುಳಿದು ಬುಟ್ಟಿಯಲ್ಲಿ 27 ತೆಗೆದವರು ಒಳಬರಬಹುದು. ಇದನ್ನು ಅನ್ಯಾಯ ಎನ್ನಲಾಗದು. ಮೇಳದ ತುಂಬ ಕಿವಿಯೋಲೆಯೇ ಇದ್ದರೆ ಕೊಳ್ಳುವವರೂ ಬರುವುದಿಲ್ಲ, ಓಲೆ ಮಾರುವವರಿಗೂ ವ್ಯಾಪಾರವಾಗುವುದಿಲ್ಲ.

ಅದಕ್ಕೇ ವಿಭಾಗ ಆರಿಸುವಾಗ ನಿಯಮದ ಹಾಳೆ ಪೂರ್ತಿ ಓದಿ. ತೆಂಗಿನ ಚಿಪ್ಪಿನಲ್ಲಿ ಪದಕ ಮಾಡುವವರು ಆಭರಣಕ್ಕೆ ಹಾಕಬೇಕೋ, ನೈಸರ್ಗಿಕ ನಾರು ಮತ್ತು ಮರಕ್ಕೋ ಎಂಬುದು ಆ ಮೇಳದ ವ್ಯಾಖ್ಯೆಯ ಮೇಲೆ ನಿಂತಿದೆ. ಎರಡಕ್ಕೂ ಹೊಂದುತ್ತದೆ ಎಂದಾದರೆ ಕಡಿಮೆ ಜನ ಹಾಕುವ ವಿಭಾಗವೇ ಒಳ್ಳೆಯದು. ಆದರೆ ಆ ವಿಭಾಗದಲ್ಲಿ ಆಯ್ಕೆಯಾದರೆ ಮಳಿಗೆಯಲ್ಲಿ ಇಡಬಹುದಾದದ್ದೂ ಅದನ್ನು ಮಾತ್ರ ಎಂಬುದು ನೆನಪಿರಲಿ.

ಐದು ಫೋಟೋ, ಒಂದೇ ಮಾತು

ಹೆಚ್ಚು ಅರ್ಜಿ ಕಳೆದುಹೋಗುವುದು ‘ನನಗೆ ಎಲ್ಲವೂ ಬರುತ್ತದೆ’ ಎಂದು ತೋರಿಸುವ ಆಸೆಯಿಂದ. ಒಂದು ಫೋಟೋದಲ್ಲಿ ಯಕ್ಷಗಾನದ ಕಿರೀಟ, ಇನ್ನೊಂದರಲ್ಲಿ ಗಣಪತಿ, ಮೂರನೆಯದರಲ್ಲಿ ಪೆನ್ ಸ್ಟ್ಯಾಂಡ್, ಮತ್ತೊಂದರಲ್ಲಿ ಗೋಡೆ ಗಡಿಯಾರ. ಪ್ರತಿಯೊಂದೂ ಚೆನ್ನಾಗಿರಬಹುದು, ಒಟ್ಟಿಗೆ ನೋಡಿದಾಗ ಒಂದು ಕೈಯ ಗುರುತು ಸಿಗುವುದಿಲ್ಲ. ತೀರ್ಪುಗಾರರ ಪರದೆಯಲ್ಲಿ ಐದೂ ಚಿತ್ರಗಳು ಒಂದೇ ಸಾಲಿನಲ್ಲಿ ಬರುತ್ತವೆ. ಅವರು ಹುಡುಕುವುದು ಮೂರು ಸಂಗತಿ: ಕೌಶಲ ಗಟ್ಟಿಯಾಗಿದೆಯೇ, ಕಲ್ಪನೆ ಸ್ವಂತದ್ದೇ, ಐದೂ ಒಬ್ಬರದೇ ಎಂದು ಗೊತ್ತಾಗುತ್ತದೆಯೇ.

ಆದ್ದರಿಂದ ಒಂದೇ ಸರಣಿಯಿಂದ ಆರಿಸಿ. ಕಾವಿ ಕಲೆ ಮಾಡುವವರಾದರೆ ಐದೂ ಕಾವಿಯೇ ಇರಲಿ: ಕೆಮ್ಮಣ್ಣಿನ ಪದರವನ್ನು ಕೆರೆದು ಕೆಳಗಿನ ಸುಣ್ಣದ ಬಿಳಿ ಎದ್ದು ಕಾಣುವ ಆ ಗೆರೆಯ ಹದ ಎಲ್ಲದರಲ್ಲೂ ಒಂದೇ ಆಗಿರಲಿ, ವಿನ್ಯಾಸ ಮಾತ್ರ ಬದಲಾಗಲಿ. ಅತ್ಯುತ್ತಮವಾದದ್ದು ಮೊದಲಿಗೆ, ಎರಡನೆಯ ಅತ್ಯುತ್ತಮ ಕೊನೆಗೆ. ಸಾಲನ್ನು ಮೊಬೈಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಯಾವುದು ಹೊರಗಿನದು ಎಂದು ಆಗ ಗೊತ್ತಾಗುತ್ತದೆ. ಒಂದು ಫೋಟೋ ದುರ್ಬಲವಾಗಿದ್ದರೆ ಅಂಕ ಇಳಿಯುವುದು ಅದರ ಲೆಕ್ಕಕ್ಕೇ. ಸೊಗಸಾದ ನಾಲ್ಕು ಅದನ್ನು ಎತ್ತಿ ಹಿಡಿಯುವುದಿಲ್ಲ.

ಫೋಟೋ ತೆಗೆಯುವುದು

ಸ್ಟುಡಿಯೋಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ನಮ್ಮ ಜೂನ್–ಸೆಪ್ಟೆಂಬರದ ಮೋಡದ ಬೆಳಕು ಈ ಕೆಲಸಕ್ಕೆ ವರ. ನೆರಳಿನ ಅಂಚು ಮೃದುವಾಗಿ ಬೀಳುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದರೆ ಒಂದು ಪಕ್ಕ ಸುಟ್ಟ ಹಾಗೆ, ಇನ್ನೊಂದು ಪಕ್ಕ ಕಪ್ಪು.

ಅಡಿಕೆ ಹಾಳೆಯ ಟೋಪಿ, ಅಂದರೆ ಒಂದು ಮುಟ್ಟಾಳೆಯನ್ನೇ ತೆಗೆದುಕೊಳ್ಳಿ. ನೇರ ಬಿಸಿಲು ಬೀಳದ ದೊಡ್ಡ ಕಿಟಕಿಯ ಪಕ್ಕ ಮೇಜು ಹಾಕಿ. ಬೆಳಕು ಜೋರಿದ್ದರೆ ಕಿಟಕಿಗೆ ಒಗೆದ ಬಿಳಿ ಪಂಚೆಯನ್ನು ಒಂದೇ ಪದರವಾಗಿ ಬಿಗಿದು ಕಟ್ಟಿ. ತೆಳು ಬೂದು ಬಣ್ಣದ ದೊಡ್ಡ ಚಾರ್ಟ್ ಕಾಗದವನ್ನು ಗೋಡೆಗೆ ಅಂಟಿಸಿ, ಮಡಿಕೆ ಬೀಳದಂತೆ ಬಾಗಿಸಿ ಮೇಜಿನ ಮೇಲೆ ಹರಡಿ. ಗೋಡೆ–ಮೇಜು ಕೂಡುವ ಗೆರೆ ಮಾಯವಾಗುತ್ತದೆ. ಮುಟ್ಟಾಳೆಯನ್ನು ಹಿಂದಿನ ಕಾಗದದಿಂದ ಎರಡಡಿಯಾದರೂ ಮುಂದಿಡಿ. ಕಿಟಕಿಯ ಎದುರು ಬದಿಗೆ ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿ, ಹತ್ತಿರ–ದೂರ ಸರಿಸುತ್ತ ನೆರಳಿನ ಭಾಗದಲ್ಲೂ ಹಾಳೆಯ ನಾರಿನ ಗೆರೆ ಕಾಣುವಲ್ಲಿ ನಿಲ್ಲಿಸಿ. ಮನೆಯ ಎಲ್ಲ ಬಲ್ಬು, ಟ್ಯೂಬ್‌ಲೈಟು ಆರಿಸಿ. ಎರಡು ಬಗೆಯ ಬೆಳಕು ಬೆರೆತರೆ ಒಂದು ಪಕ್ಕ ಹಳದಿ, ಇನ್ನೊಂದು ಪಕ್ಕ ನೀಲಿ ಬರುತ್ತದೆ. ಆಮೇಲೆ ಯಾವ ಆ್ಯಪಿನಿಂದಲೂ ಪೂರ್ತಿ ಸರಿಹೋಗುವುದಿಲ್ಲ.

ಕ್ಯಾಮೆರಾ ಇದ್ದರೆ ಟ್ರೈಪಾಡ್ ಮೇಲಿಟ್ಟು ಐಎಸ್‌ಒ 100, ಅಪರ್ಚರ್ ಎಫ್ 8ರಿಂದ ಎಫ್ 11, ಎರಡು ಸೆಕೆಂಡಿನ ಟೈಮರ್. ಮೊಬೈಲಾದರೆ ಹತ್ತಿರ ಹೋಗಬೇಡಿ. ಹತ್ತಿರದಿಂದ ತೆಗೆದರೆ ಮುಂದಿನ ಭಾಗ ಉಬ್ಬಿ ಮಡಕೆಯ ಬಾಯಿ ವಕ್ರವಾಗಿ ಕಾಣುತ್ತದೆ. ಹಿಂದೆ ಸರಿದು 2 ಪಟ್ಟಿನ ಲೆನ್ಸಿನಲ್ಲಿ ತೆಗೆಯಿರಿ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಬೇಡವೇ ಬೇಡ, ಬುಟ್ಟಿಯ ಅಂಚಿನ ಬೀಳುಗಳನ್ನೇ (ಹೆಣೆದ ಬಳ್ಳಿಗಳನ್ನೇ) ಅದು ತಿಂದುಬಿಡುತ್ತದೆ.

ಕಳಿಸುವ ಕಡತ ಜೆಪೆಗ್ ಆಗಿರಲಿ, ಉದ್ದದ ಬದಿ ಕನಿಷ್ಠ 1920 ಪಿಕ್ಸೆಲ್, ಬಣ್ಣದ ಪ್ರೊಫೈಲ್ ಎಸ್‌ಆರ್‌ಜಿಬಿ. ಮೇಳ ಬೇರೆ ಅಳತೆ ಹೇಳಿದ್ದರೆ ಅದೇ ಅಂತಿಮ. ವಾಟ್ಸ್ಆ್ಯಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಕೇಬಲಿನಲ್ಲಿ ಕಂಪ್ಯೂಟರಿಗೆ ಹಾಕಿ.

ವಸ್ತುವಿಗೆ ತಕ್ಕಂತೆ ತೊಂದರೆಗಳೂ ಬೇರೆ. ಉಡುಪಿ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ, ಆದರೆ ಮಡಿಚಿಟ್ಟ ಸೀರೆಯ ಫೋಟೋದಲ್ಲಿ ಅದು ಬರೀ ಬಟ್ಟೆಯ ಚೌಕ. ಸೀರೆಯನ್ನು ಇಸ್ತ್ರಿ ಮಾಡಿ ಅಡ್ಡ ಬಿದಿರಿಗೆ ಇಳಿಬಿಡಿ. ಸೆರಗು, ಅಂಚು, ಒಡಲು ಮೂರೂ ಒಂದೇ ಚೌಕಟ್ಟಿನಲ್ಲಿ ಬರಲಿ. ಐದರಲ್ಲಿ ಒಂದು ಫೋಟೋ ಅಂಚು ಒಡಲಿಗೆ ಸೇರುವ ಜಾಗದ ಸಮೀಪ ನೋಟವಾಗಿರಲಿ, ಎಳೆ ಎಣಿಸುವಷ್ಟು ಹತ್ತಿರ. ಕೈಮಗ್ಗವೇ ಎಂದು ತೀರ್ಪುಗಾರರು ಅಳೆಯುವುದು ಅಲ್ಲಿ. ರೂಪದರ್ಶಿಗೆ ಉಡಿಸಿ ತೆಗೆಯುವುದನ್ನು ಹಲವು ಮೇಳಗಳು ಒಪ್ಪುವುದಿಲ್ಲ, ಮೊದಲೇ ಕೇಳಿಕೊಳ್ಳಿ.

ಹೊಳಪಿನ ಮಡಕೆಯಲ್ಲಿ, ಕಂಚಿನಲ್ಲಿ ಕಿಟಕಿಯೇ ಪ್ರತಿಫಲಿಸಿ ಬಿಳಿ ಚೌಕ ಕೂರುತ್ತದೆ. ಪಂಚೆಯನ್ನು ಇನ್ನೊಂದು ಪದರ ಮಾಡಿ, ಕ್ಯಾಮೆರಾದ ಬದಿಗೆ ಕಪ್ಪು ಕಾಗದ ಹಿಡಿದರೆ ಅಂಚು ಸ್ಪಷ್ಟವಾಗುತ್ತದೆ. ಕಲ್ಲಿಗೆ ಇದರ ವಿರುದ್ಧ: ಬೆಳಕು ಒಂದೇ ಬದಿಯಿಂದ, ತುಸು ಓರೆಯಾಗಿ ಬಿದ್ದರೇ ಉಳಿಯ ಗುರುತು ಏಳುವುದು, ಥರ್ಮೋಕೋಲ್ ದೂರವಿಡಿ. ಚಿತ್ರಕಲೆಯನ್ನು ಗಾಜು, ಚೌಕಟ್ಟು ತೆಗೆದು, ಕ್ಯಾಮೆರಾವನ್ನು ಚಿತ್ರದ ನಡುಮಧ್ಯಕ್ಕೆ ಸರಿಯಾಗಿ ಎದುರಿಟ್ಟು ತೆಗೆಯಿರಿ. ನಾಲ್ಕು ಮೂಲೆಗಳು ಸಮಕೋನವಾಗಿ ಬರದಿದ್ದರೆ ಕ್ಯಾಮೆರಾ ವಾಲಿದೆ ಎಂದರ್ಥ.

ಮಳಿಗೆಯ ಫೋಟೋ

ಇದನ್ನು ಎಲ್ಲರೂ ಕೊನೆಗೆ, ಅವಸರದಲ್ಲಿ ಹಾಕುತ್ತಾರೆ. ಕಳೆದ ಜಾತ್ರೆಯದೋ, ಕಾಲೇಜಿನ ಪ್ರದರ್ಶನದ್ದೋ ಒಂದು ಫೋಟೋ: ಮುಂದೆ ಗಿರಾಕಿಗಳ ಬೆನ್ನು, ಹಿಂದೆ ಫೋನ್ ನಂಬರಿರುವ ಫ್ಲೆಕ್ಸ್, ಮೇಜಿನಡಿ ರಟ್ಟಿನ ಪೆಟ್ಟಿಗೆ. ಹೆಸರು ಕಂಡರೆ ಕೆಲವು ಮೇಳಗಳಲ್ಲಿ ಅರ್ಜಿಯೇ ರದ್ದು. ಉಳಿದ ಕಡೆ ಅಂಕ ಇಳಿಯುತ್ತದೆ.

ಈ ಫೋಟೋದಿಂದ ಸಮಿತಿಗೆ ತಿಳಿಯಬೇಕಾದದ್ದು: ಮಳಿಗೆ ತುಂಬುವಷ್ಟು ಕೆಲಸ ನಿಮ್ಮಲ್ಲಿದೆಯೇ, ಐದು ಫೋಟೋದಲ್ಲಿದ್ದದ್ದೇ ಮಾರಾಟಕ್ಕೂ ಬರುತ್ತದೆಯೇ, ಅದನ್ನು ಜೋಡಿಸುವ ಅಚ್ಚುಕಟ್ಟು ನಿಮಗಿದೆಯೇ. ಇದುವರೆಗೆ ಮಳಿಗೆ ಹಾಕದವರು ಮನೆಯಂಗಳದಲ್ಲೇ ಅಣಿ ಮಾಡಬಹುದು. ಸಾಮಾನ್ಯ ಮಳಿಗೆ 10 ಅಡಿಗೆ 10 ಅಡಿ. ನೆಲದಲ್ಲಿ ಸುಣ್ಣದಿಂದ ಆ ಅಳತೆಯ ಗೆರೆ ಹಾಕಿ, ಮೂರು ಬದಿಗೆ ಬಿದಿರು ನಿಲ್ಲಿಸಿ ಸುಕ್ಕಿಲ್ಲದ ಬೂದು ಅಥವಾ ಕೆನೆಬಣ್ಣದ ಬಟ್ಟೆ ಕಟ್ಟಿ. ಮೇಜಿನ ಬಟ್ಟೆ ನೆಲ ಮುಟ್ಟಲಿ. ವಸ್ತುಗಳು ಮೂರು ಎತ್ತರಗಳಲ್ಲಿರಲಿ: ಮೊಣಕಾಲು, ಸೊಂಟ, ಕಣ್ಣು. ಫೋಟೋದಲ್ಲಿದ್ದ ಐದರಲ್ಲಿ ಎರಡು ಮೂರಾದರೂ ಇಲ್ಲಿ ಕಣ್ಣಿಗೆ ಬೀಳಲಿ. 12ರಿಂದ 15 ಅಡಿ ಹಿಂದೆ ನಿಂತು ಎದೆಯ ಎತ್ತರದಿಂದ, ಮೋಡದ ಬೆಳಕಿನಲ್ಲಿ ತೆಗೆಯಿರಿ. ನೀಲಿ ಟಾರ್ಪಾಲಿನ ಕೆಳಗೆ ಮಾತ್ರ ಬೇಡ, ಎಲ್ಲ ವಸ್ತುಗಳೂ ನೀಲಿಯಾಗುತ್ತವೆ. ಜನ, ಹೆಸರುಫಲಕ, ಬೆಲೆಚೀಟಿ, ಬಹುಮಾನದ ಪ್ರಮಾಣಪತ್ರ ಯಾವುದೂ ಚೌಕಟ್ಟಿನೊಳಗೆ ಬರಬಾರದು.

ಬರೆಯುವ ಎರಡು ಸಾಲು

‘ನಮ್ಮ ಪ್ರಾಚೀನ ಪರಂಪರೆಯನ್ನು ಉಳಿಸಿ ಬೆಳೆಸುವ ಸದುದ್ದೇಶದಿಂದ ಭಾವಪೂರ್ಣವಾಗಿ ರಚಿಸಿದ ಕಲಾಕೃತಿಗಳು’ ಎಂದು ಬರೆದರೆ ತೀರ್ಪುಗಾರರಿಗೆ ಏನೂ ತಿಳಿಯಲಿಲ್ಲ. ಫೋಟೋದಲ್ಲಿ ಕಾಣದ್ದನ್ನು ಬರೆಯಬೇಕು: ಏನು ವಸ್ತು, ಯಾವ ವಿಧಾನ, ಯಾವ ಹಂತ ನಿಮ್ಮ ಕೈಯದು. ಬುಟ್ಟಿಗೆ ಹೀಗೆ ಬರೆಯಬಹುದು: ‘ಕಾಡುಬೀಳು ಸೀಳಿ, ನೆನೆಸಿ, ಕೈಯಲ್ಲಿ ಹೆಣೆದದ್ದು. ಬಣ್ಣ, ವಾರ್ನಿಷ್ ಇಲ್ಲ. ಬೀಳು ತರುವುದರಿಂದ ಅಂಚು ಕಟ್ಟುವವರೆಗೆ ಮನೆಯವರೇ.’ ಸೀರೆಗಾದರೆ ನೂಲಿನ ಕೌಂಟ್, ಬಣ್ಣ ರಾಸಾಯನಿಕವೋ ನೈಸರ್ಗಿಕವೋ, ಒಂದು ಸೀರೆಗೆ ಹಿಡಿಯುವ ದಿನ. ಅಳತೆ ಸೆಂಟಿಮೀಟರಿನಲ್ಲಿ, ಬೆಲೆ ಕಡಿಮೆಯಿಂದ ಹೆಚ್ಚಿಗೆ. ಎಲ್ಲವೂ ಒಂದೇ ಬೆಲೆಯದಾದರೆ ಮಳಿಗೆಗೆ ಬಂದವರು ಬರಿಗೈಯಲ್ಲಿ ಹೋಗುತ್ತಾರೆಂದು ಆಯೋಜಕರಿಗೆ ಗೊತ್ತು; ಸಣ್ಣ ಬೆಲೆಯ ಒಂದೆರಡು ವಸ್ತುಗಳು ಅದೇ ಕೈಯವು, ಅದೇ ಸರಣಿಯವು ಇರಲಿ.

ಭೂತದ ಮೊಗ, ಆಯುಧಗಳ ಮಾದರಿ ಮಾಡುವವರು ಅದು ಅಲಂಕಾರಕ್ಕೆ ಮಾಡಿದ್ದೆಂದು ಸ್ಪಷ್ಟವಾಗಿ ಬರೆಯಿರಿ. ಆರಾಧನೆಯ ವಸ್ತು ಮಾರಾಟಕ್ಕೆ ಬಂದಿದೆ ಎಂಬ ತಪ್ಪು ತಿಳಿವಳಿಕೆ ಊರಿನಲ್ಲೂ ಬೇಡ, ಹೊರಗೂ ಬೇಡ.

ಸ್ವಂತ ಕೈಯದೇ ಎಂಬುದಕ್ಕೆ ಆಧಾರ

ಬೇರೆಡೆ ಸಗಟಿನಲ್ಲಿ ಕೊಂಡು ತಂದದ್ದನ್ನು ತಾವೇ ಮಾಡಿದ್ದೆಂದು ಮಾರುವುದು ಎಲ್ಲ ಒಳ್ಳೆಯ ಮೇಳಗಳಿಗೂ ತಲೆನೋವು. ಇದರಿಂದ ನೇರ ಪೆಟ್ಟು ಬೀಳುವುದು ಕೈಯಲ್ಲಿ ಮಾಡುವವರಿಗೆ. ಅನುಮಾನ ಬಂದರೆ ಸಮಿತಿ ಕೆಲಸದ ಹಂತಗಳ ಫೋಟೋ ಕೇಳುತ್ತದೆ. ಕಚ್ಚಾವಸ್ತು, ಅರ್ಧ ಆದದ್ದು, ಸಲಕರಣೆ, ನಿಮ್ಮ ಕೈ ಕಾಣುವ ನಾಲ್ಕು ಫೋಟೋ ಮೊದಲೇ ತೆಗೆದಿಡಿ. ನೂಲು, ಬಣ್ಣ, ಮರ ಕೊಂಡ ಬಿಲ್ಲುಗಳೂ ಇರಲಿ. ಬೀಟೆ, ಶ್ರೀಗಂಧಕ್ಕೆ ಬಿಲ್ ಕಡ್ಡಾಯ ಎಂದೇ ತಿಳಿಯಿರಿ. ಬೀಟೆಯ ಕುಲದ ಮರಗಳು 2017ರಿಂದ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ, ವಿದೇಶದ ಮೇಳಕ್ಕೆ ಒಯ್ಯುವ ಮೊದಲು ಕಾಗದಪತ್ರ ವಿಚಾರಿಸಬೇಕು. ಚಿತ್ರಕಾರರು ಮುದ್ರಿತ ಪ್ರತಿ ಮಾರುವುದಾದರೆ ಅದನ್ನು ಮುದ್ರಿತ ಪ್ರತಿಯೆಂದೇ ಬರೆಯಬೇಕು, ಮೂಲ ಚಿತ್ರದ ಜತೆ ಬೆರೆಸಬಾರದು. ಮೇಳದ ಮೊದಲ ದಿನವೇ ಫೋಟೋಗಳನ್ನು ಹಿಡಿದುಕೊಂಡು ಮಳಿಗೆ ಮಳಿಗೆ ತಿರುಗಿ ತಾಳೆ ನೋಡುವ ಸಮಿತಿಗಳಿವೆ. ಹೊಂದದ್ದನ್ನು ತೆಗೆಸುತ್ತಾರೆ, ಮುಂದಿನ ವರ್ಷ ಕರೆಯುವುದಿಲ್ಲ.

ಮಾದರಿ ಕಳಿಸಲು ಹೇಳಿದರೆ ನಮ್ಮ ಹವೆಯನ್ನು ಲೆಕ್ಕಕ್ಕಿಟ್ಟುಕೊಳ್ಳಿ. ಅಡಿಕೆ ಹಾಳೆ, ಬೀಳು, ಕಾಗದ ಮಳೆಗಾಲದಲ್ಲಿ ನೋಡನೋಡುತ್ತಿದ್ದಂತೆ ಬೂಷ್ಟು ಹಿಡಿಯುತ್ತವೆ. ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟಿದರೆ ಒಳಗಿನ ತೇವವೇ ಸಾಕು. ಚೆನ್ನಾಗಿ ಒಣಗಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಮೇಲೆ ರಟ್ಟಿನ ಪೆಟ್ಟಿಗೆಗಿಡಿ. ತೇವ ತಾಗದಂತೆ ಪ್ಲಾಸ್ಟಿಕ್ ಹೊದಿಕೆ ಪೆಟ್ಟಿಗೆಯ ಹೊರಗೆ ಮಾತ್ರ.

ನಮ್ಮೂರಲ್ಲೇ ಆಯ್ಕೆ ನಡೆಸುವವರಿಗೆ

ಮಂಗಳೂರು, ಉಡುಪಿಯ ಸಂಘಗಳು ಆಯ್ಕೆ ಇಟ್ಟು ಮೇಳ ಮಾಡಲು ಹೊರಟರೆ ಬಹಳ ಸಂತೋಷ. ತೀರ್ಪುಗಾರರು ಬೆಸ ಸಂಖ್ಯೆಯಲ್ಲಿರಲಿ. ಮೂವರಾದರೆ ಒಬ್ಬರು ಕೈಯಲ್ಲಿ ಮಾಡುವವರು, ಒಬ್ಬರು ಮಾರಾಟ ಬಲ್ಲವರು, ಒಬ್ಬರು ಕಲೆ ಕಲಿಸುವವರು. ಪದಾಧಿಕಾರಿಗಳು ತೀರ್ಪಿನಲ್ಲಿ ಕೂರಬಾರದು. ತನ್ನ ಶಿಷ್ಯರ, ನೆಂಟರ ಅರ್ಜಿ ಬಂದಾಗ ಆ ತೀರ್ಪುಗಾರರು ಅಂಕ ಹಾಕದೆ ಬಿಡಬೇಕು, ಉಳಿದವರ ಸರಾಸರಿ ಹಿಡಿಯಬೇಕು. ಇಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು, ಹಾಗಾಗಿ ಹೆಸರು ಮುಚ್ಚುವುದು ಇನ್ನೂ ಮುಖ್ಯ; ಕಡತಗಳಿಗೆ ಸಂಖ್ಯೆ ಮಾತ್ರ ಕೊಡಿ. ವಿಭಾಗಕ್ಕೆ ಎಷ್ಟು ಮಳಿಗೆ ಎಂಬುದನ್ನು ಅರ್ಜಿ ಕರೆಯುವಾಗಲೇ ಪ್ರಕಟಿಸಿ, ಅಂಕ ಬಿದ್ದ ಮೇಲೆ ಬದಲಿಸಬೇಡಿ. ಮೊದಲ ಇಪ್ಪತ್ತು ಅರ್ಜಿಗೆ ಅಂಕ ಬಿಗಿಯಾಗಿರುತ್ತದೆ, ಊಟದ ಹೊತ್ತಿಗೆ ಸಡಿಲಾಗುತ್ತದೆ. ಅದಕ್ಕೇ ಒಮ್ಮೆ ಎಲ್ಲವನ್ನೂ ಅಂಕವಿಲ್ಲದೆ ಓಡಿಸಿ ತೋರಿಸಿ, ಆಮೇಲೆ ಅಂಕದ ಸುತ್ತು ಶುರುಮಾಡಿ.

ಫಲಿತಾಂಶ ಬಂದ ಮೇಲೆ

ಉತ್ತರ ಮೂರು ಬಗೆ: ಆಯ್ಕೆ, ಕಾಯುವ ಪಟ್ಟಿ, ಇಲ್ಲ. ಅರ್ಜಿ ಶುಲ್ಕ ಬೇರೆ, ಮಳಿಗೆ ಶುಲ್ಕ ಬೇರೆ. ಅರ್ಜಿ ಶುಲ್ಕ ಹಿಂದಿರುಗುವುದಿಲ್ಲ. ಮಳಿಗೆ ಶುಲ್ಕಕ್ಕೆ ಕೊನೆಯ ದಿನ ಇರುತ್ತದೆ, ತಪ್ಪಿದರೆ ಜಾಗ ಮುಂದಿನವರಿಗೆ. ಅರ್ಜಿಯೇ ಹಾಕದ ಮೇಳದಿಂದ ‘ನೀವು ಆಯ್ಕೆಯಾಗಿದ್ದೀರಿ, ಇಂದೇ ಹಣ ಕಳಿಸಿ’ ಎಂಬ ಸಂದೇಶ ಬಂದರೆ ಒಂದು ರೂಪಾಯಿಯೂ ಹಾಕಬೇಡಿ. ಆಯೋಜಕರ ಕಚೇರಿಗೇ ಫೋನ್ ಮಾಡಿ ಕೇಳಿ.

ಕಾಯುವ ಪಟ್ಟಿಯೂ ವಿಭಾಗವಾರು ಇರುತ್ತದೆ. ಮಡಕೆಯವರೊಬ್ಬರು ಬಿಟ್ಟರೆ ಮಡಕೆಯವರನ್ನೇ ಕರೆಯುತ್ತಾರೆ, ಕೆಲವೊಮ್ಮೆ ಒಂದೆರಡು ವಾರ ಇರುವಾಗ. ಸಾಮಾನು ಕಟ್ಟಿಡಿ, ಫೋನ್ ಎತ್ತಿ. ಆಯ್ಕೆಯಾಗದಿದ್ದರೆ ಅಂಕವನ್ನೂ ನಿಮ್ಮ ವಿಭಾಗದ ಗೆರೆಯನ್ನೂ ತಿಳಿಸುತ್ತಾರೆಯೇ ಎಂದು ವಿನಯದಿಂದ ಬರೆದು ಕೇಳಿ, ಕೊಡುವ ಮೇಳಗಳಿವೆ. ಗೆರೆಗಿಂತ ಎರಡು ಮೂರು ಅಂಕ ಕಡಿಮೆಯಾಗಿದ್ದರೆ ವಸ್ತು ಬದಲಿಸಲು ಹೋಗಬೇಡಿ. ಮಳಿಗೆಯ ಫೋಟೋವನ್ನೂ ಐದರಲ್ಲಿ ದುರ್ಬಲವಾದ ಒಂದನ್ನೂ ಹೊಸದಾಗಿ ತೆಗೆದು ಮುಂದಿನ ವರ್ಷ ಹಾಕಿ. ತೀರ್ಪುಗಾರರು ಬಹಳ ಮೇಳಗಳಲ್ಲಿ ವರ್ಷವರ್ಷ ಬದಲಾಗುತ್ತಾರೆ. ಹತ್ತು ಅಂಕದಷ್ಟು ಹಿಂದಿದ್ದರೆ ಸರಣಿಯನ್ನೇ ಮತ್ತೆ ಕೂತು ನೋಡಬೇಕು. ಆ ಕೆಲಸಕ್ಕೆ ನಿಮ್ಮ ಕಸುಬಿನ ಹಿರಿಯರೊಬ್ಬರನ್ನೂ, ಕಸುಬೇ ಗೊತ್ತಿಲ್ಲದ ಒಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಐದು ಫೋಟೋಗಳನ್ನು ಹತ್ತು ಸೆಕೆಂಡು ತೋರಿಸಿ ಮುಚ್ಚಿ, ಏನು ನೆನಪಿದೆ ಎಂದು ಕೇಳಿ.